ಸಾಕ್ಷಿಯ ಕರ್ತವ್ಯ ಮತ್ತು ಸಾಕ್ಷಿಯ ರಕ್ಷಣೆ: ಸಮನ್ಸಿನ ಚರಿತ್ರೆಯ ಒಂದು ಅವಲೋಕನ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಇದು ವಾದಿ, ಪ್ರತಿವಾದಿಗಳ ಪಾಡನ್ನು ಹೇಳುವ ಮಾತು. ಆದರೆ ನ್ಯಾಯಾಲಯದ ಆವರಣದಲ್ಲಿ ಗೆಲುವಿಗೂ ಸೋಲಿಗೂ ಸಂಬಂಧವಿಲ್ಲದ ಮೂರನೆಯವನೊಬ್ಬ ಇರುತ್ತಾನೆ. ಅವನು ಯಾರ ಮೇಲೂ ದಾವೆ ಹೂಡಿಲ್ಲ, ಯಾವ ಅಪರಾಧವನ್ನೂ ಮಾಡಿಲ್ಲ. ಆಕಸ್ಮಿಕವಾಗಿ ಏನನ್ನೋ ಕಂಡ, ಇಲ್ಲವೆ ಪೊಲೀಸರು ಕೇಳಿದರೆಂದು ಮಹಜರಿಗೆ ರುಜು ಹಾಕಿದ. ಅಷ್ಟಕ್ಕೇ ಅವನು ಕೂಲಿ ಬಿಟ್ಟು, ಅಂಗಡಿಗೆ ಬೀಗ ಹಾಕಿ, ಸಮನ್ಸ್ ಹಿಡಿದು ಬಸ್ಸು ಹತ್ತಬೇಕಾಗುತ್ತದೆ. ಅವನೇ ಸಾಕ್ಷಿ.

ಊರ್ಡಿಗೆರೆ ಹೋಬಳಿಯ ಹಳ್ಳಿಗಳಲ್ಲಿ ಹೊಡೆದಾಟವೋ ಅಪಘಾತವೋ ನಡೆದರೆ ಹಿರಿಯರು ಕಿರಿಯರಿಗೆ ಹೇಳುವ ಮೊದಲ ಬುದ್ಧಿಮಾತು ‘ನೀನು ನೋಡಿಲ್ಲ ಅಂತ ಹೇಳಿಬಿಡು’ ಎಂಬುದೇ. ಇದು ಹೇಡಿತನದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ತುಮಕೂರಿನ ಕೋರ್ಟಿಗೆ ನಾಲ್ಕಾರು ಸಲ ಅಲೆದು, ಪ್ರತಿ ಸಲವೂ ವಾಯಿದೆ ಬಿದ್ದು ಬರಿಗೈಯಲ್ಲಿ ಹಿಂದಿರುಗಿದವರ ಅನುಭವದಿಂದ ಹುಟ್ಟಿದ ಮಾತು ಅದು. ಹೀಗೆ ಸಾಕ್ಷಿಗಳು ಹಿಂಜರಿಯುವುದರಿಂದ ತಪ್ಪಿತಸ್ಥರು ಪಾರಾಗುತ್ತಾರೆ, ಎಷ್ಟೋ ವೇಳೆ ನಿರಪರಾಧಿಗಳು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾರೆ. ಆದ್ದರಿಂದ ಸಾಕ್ಷಿಯನ್ನು ಕರೆಯುವ ಅಧಿಕಾರ ಹೇಗೆ ಬೆಳೆಯಿತು, ಅವನನ್ನು ಕಾಪಾಡುವ ಹೊಣೆ ಎಷ್ಟರಮಟ್ಟಿಗೆ ಬೆಳೆಯಿತು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಅಗತ್ಯ.

ಒಂದೇ ಸೂಕ್ತದಲ್ಲಿ ಎರಡು ಆಜ್ಞೆಗಳು

ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತವು ಸಾಲದ ಕರಾರಿಗೆ ಸಂಬಂಧಿಸಿದ್ದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿದೆ. ಎರಡನೆಯ ಅಧ್ಯಾಯವಾದ ಅಲ್ ಬಕರದ 282ನೆಯ ಸೂಕ್ತ ಅದು. ಸಾಲವನ್ನು ಬರೆದಿಡಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು ಎಂದು ವಿಧಿಸಿದ ಮೇಲೆ, ಸಾಕ್ಷಿಗಳು ತಮ್ಮನ್ನು ಕರೆದಾಗ ಒಲ್ಲೆನೆನ್ನಬಾರದು ಎಂದು ಅದು ಆಜ್ಞಾಪಿಸುತ್ತದೆ. ಅದೇ ಸೂಕ್ತ ಕೊನೆಯ ಭಾಗದಲ್ಲಿ ಇನ್ನೊಂದು ಆಜ್ಞೆಯನ್ನೂ ನೀಡುತ್ತದೆ. ಕರಾರು ಬರೆದವನಿಗಾಗಲಿ, ಸಾಕ್ಷಿಗಾಗಲಿ ಹಾನಿಯಾಗಕೂಡದು, ಹಾಗೆ ಮಾಡುವುದು ಪಾಪ ಎಂಬುದು ಅದರ ಭಾವ. ಈ ವಾಕ್ಯಕ್ಕೆ ‘ಸಾಕ್ಷಿಯೂ ಯಾರಿಗೂ ಹಾನಿ ಮಾಡಬಾರದು’ ಎಂಬ ಅರ್ಥವನ್ನೂ ವ್ಯಾಖ್ಯಾನಕಾರರು ಹೇಳಿದ್ದಾರೆ. ಎರಡೂ ಅರ್ಥಗಳು ಒಂದಕ್ಕೊಂದು ವಿರುದ್ಧವಲ್ಲ. ತನ್ನ ಕೆಲಸದಲ್ಲಿ ಮಗ್ನನಾಗಿರುವವನನ್ನು, ಬೇರೆ ಸಾಕ್ಷಿ ಸಿಗುವಂತಿದ್ದರೂ ಪೀಡಿಸಿ ಎಬ್ಬಿಸಿಕೊಂಡು ಹೋಗುವುದೂ ಈ ಹಾನಿಯಲ್ಲಿ ಸೇರುತ್ತದೆ ಎಂದು ಪ್ರಾಚೀನ ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ಮುಂದಿನ 283ನೆಯ ಸೂಕ್ತ ಸಾಕ್ಷ್ಯವನ್ನು ಬಚ್ಚಿಡುವುದನ್ನು ಹೃದಯದ ಪಾಪವೆಂದು ಕರೆಯುತ್ತದೆ. ನಾಲ್ಕನೆಯ ಅಧ್ಯಾಯದ 135ನೆಯ ಸೂಕ್ತ, ಹೆತ್ತವರ ಮತ್ತು ಬಂಧುಗಳ ವಿರುದ್ಧವಾದರೂ ಸರಿ, ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆನ್ನುತ್ತದೆ. ಐದನೆಯ ಅಧ್ಯಾಯದ 8ನೆಯ ಸೂಕ್ತ, ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ಅನ್ಯಾಯದತ್ತ ಒಯ್ಯಬಾರದೆಂದು ಎಚ್ಚರಿಸುತ್ತದೆ. ಪ್ರವಾದಿ ಮುಹಮ್ಮದ್ (ಸ) ಅವರು ಮಹಾಪಾಪಗಳನ್ನು ಎಣಿಸುವಾಗ ಸುಳ್ಳು ಸಾಕ್ಷ್ಯದ ಮಾತು ಬಂದೊಡನೆ, ಒರಗಿ ಕುಳಿತವರು ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂದು ಹದೀಸ್ ಗ್ರಂಥಗಳು ದಾಖಲಿಸಿವೆ.

ಒಟ್ಟಿನಲ್ಲಿ ಸಾಕ್ಷಿ ನುಡಿಯುವುದು ಕರ್ತವ್ಯ, ಸಾಕ್ಷಿಯನ್ನು ಕಾಪಾಡುವುದು ಅವನನ್ನು ಕರೆದವರ ಕರ್ತವ್ಯ. ಆಧುನಿಕ ಕಾನೂನಿನ ಚರಿತ್ರೆಯನ್ನು ನೋಡಿದರೆ ಮೊದಲನೆಯದು ಬಲು ಬೇಗ ಬೆಳೆದು ಶಿಕ್ಷೆಯ ಬಲವನ್ನೂ ಪಡೆಯಿತು. ಎರಡನೆಯದು ಶತಮಾನಗಳ ಬಳಿಕ ಕುಂಟುತ್ತಾ ಬಂತು. ಈ ಅಂತರವೇ ನಮ್ಮ ಹಳ್ಳಿಯ ಸಾಕ್ಷಿಯ ಸಂಕಟಕ್ಕೆ ಮೂಲ.

‘ದಂಡನೆಗೆ ಒಳಪಟ್ಟು’

ಇಂಗ್ಲಿಷ್ ಕಾನೂನಿನಲ್ಲಿ ಸಾಕ್ಷಿಗೆ ಹೊರಡಿಸುವ ಆಜ್ಞೆಯನ್ನು ‘ಸಬ್‌ಪೀನಾ’ ಎನ್ನುತ್ತಾರೆ. ಅದು ಲ್ಯಾಟಿನ್ ಭಾಷೆಯ ಮಾತು. ‘ದಂಡನೆಗೆ ಒಳಪಟ್ಟು’ ಎಂದು ಅರ್ಥ. ಬಾರದಿದ್ದರೆ ಶಿಕ್ಷೆ ಎಂಬ ಬೆದರಿಕೆ ಆಜ್ಞೆಯ ಹೆಸರಿನಲ್ಲೇ ಇದೆ. 1563ರಲ್ಲಿ ಒಂದನೇ ಎಲಿಜಬೆತ್ ರಾಣಿಯ ಕಾಲದ ಶಾಸನವೊಂದು, ಕರೆ ತಲುಪಿಯೂ ಬಾರದ ಸಾಕ್ಷಿಗೆ 10 ಪೌಂಡ್ ದಂಡ ವಿಧಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಸಾಕ್ಷಿಗೆ ನ್ಯಾಯವಾದ ಪ್ರಯಾಣ ವೆಚ್ಚವನ್ನು ಮುಂದಾಗಿ ಕೊಡಬೇಕೆಂದೂ ಆ ಶಾಸನವೇ ಹೇಳಿತ್ತು. ಇನ್ನು ಕ್ರಿಮಿನಲ್ ಮೊಕದ್ದಮೆಗಳಲ್ಲಿ ಸರ್ಕಾರದ ಪರ ಸಾಕ್ಷಿಗಳನ್ನು ಮುಚ್ಚಳಿಕೆ ಬರೆಸಿಕೊಂಡು ಕಟ್ಟಿಹಾಕುವ ಅಧಿಕಾರ 1550ರ ದಶಕದಲ್ಲೇ ಅಲ್ಲಿನ ಮ್ಯಾಜಿಸ್ಟ್ರೇಟರಿಗೆ ಬಂದಿತ್ತು. ಗಂಭೀರ ಅಪರಾಧದ ಆರೋಪಿಗಳೆಲ್ಲರಿಗೂ ತಮ್ಮ ಪರ ಸಾಕ್ಷಿಗಳಿಂದ ಪ್ರಮಾಣಪೂರ್ವಕ ಸಾಕ್ಷ್ಯ ಕೊಡಿಸುವ ಹಕ್ಕು ದೊರೆತದ್ದು 1702ರಲ್ಲಿ. ಸರ್ಕಾರಕ್ಕೆ ಮೊದಲು, ಪ್ರಜೆಗೆ ಆಮೇಲೆ ಎಂಬ ಈ ಕ್ರಮ ಮುಂದೆ ನಮ್ಮ ದೇಶದ ಕಾನೂನುಗಳಲ್ಲೂ ನೆರಳಿನಂತೆ ಹಿಂಬಾಲಿಸಿತು.

ತುಮಕೂರು ಸೀಮೆಯಲ್ಲಿ

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ವಹಿಸಿಕೊಂಡರು. 1834ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆದರು. ಆ ವರ್ಷವೇ ಬೆಂಗಳೂರಿನಲ್ಲಿ ಹುಜೂರ್ ಅದಾಲತ್ ಎಂಬ ಉನ್ನತ ನ್ಯಾಯಾಲಯ ಸ್ಥಾಪನೆಯಾಯಿತು. ರಾಜ್ಯವನ್ನು ನಾಲ್ಕು ವಿಭಾಗಗಳಾಗಿ ಮಾಡಿದಾಗ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟರ ಕೇಂದ್ರಸ್ಥಾನ ತುಮಕೂರಾಗಿತ್ತು. ಅಲ್ಲಿ ದೀರ್ಘಕಾಲ ಅಧಿಕಾರದಲ್ಲಿದ್ದ ಡಾಬ್ಸ್ ಎಂಬ ಅಧಿಕಾರಿಯ ಹೆಸರೇ ಇಂದಿನ ಡಾಬಸ್‌ಪೇಟೆಗೆ ಬಂದಿದೆ. ಆ ಕಾಲದಲ್ಲಿ ಕಂದಾಯ, ಪೊಲೀಸು, ನ್ಯಾಯ ಇವುಗಳ ನಡುವೆ ಇಂದಿನಂತಹ ಗೋಡೆ ಇರಲಿಲ್ಲ. ಅಮಲ್ದಾರನು ಕಂದಾಯ ವಸೂಲು ಮಾಡುತ್ತಿದ್ದ, ಸಣ್ಣಪುಟ್ಟ ತಕರಾರುಗಳನ್ನೂ ತೀರ್ಮಾನಿಸುತ್ತಿದ್ದ. ಹೀಗಾಗಿ ರೈತನಿಗೆ ಕಂದಾಯದ ಕರೆ, ಸಾಕ್ಷಿಯ ಕರೆ ಎರಡೂ ಒಂದೇ ಕಚೇರಿಯಿಂದ ಬರುತ್ತಿದ್ದವು. ಕಚೇರಿ ಎಂದರೆ ಇಂದಿಗೂ ನಮ್ಮ ಜನ ಅಂಜುವುದಕ್ಕೆ ಇಂಥ ಹಳೆಯ ಬೇರುಗಳೂ ಇವೆ.

ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ಮತ್ತು ಪೊಲೀಸ್ ಸಿಬ್ಬಂದಿ ಜನರಿಗೆ ಕೊಡುತ್ತಿದ್ದ ಚಿತ್ರಹಿಂಸೆಯ ದೂರುಗಳನ್ನು ವಿಚಾರಿಸಲು ನೇಮಿಸಿದ ಆಯೋಗ 1855ರಲ್ಲಿ ವರದಿ ನೀಡಿ, ಆ ದೂರುಗಳಲ್ಲಿ ಹುರುಳಿದೆ ಎಂದಿತು. 1861ರ ಪೊಲೀಸ್ ಕಾಯಿದೆ ಮತ್ತು ಅದೇ ವರ್ಷದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದದ್ದು ಈ ಹಿನ್ನೆಲೆಯಲ್ಲಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಪುರಾವೆಯಾಗದು ಎಂಬ ನಿಯಮ ಆಗ ರೂಪುಗೊಂಡಿತು. ಪೊಲೀಸರಿಗೆ ಸಾಕ್ಷಿ ಕೊಟ್ಟ ಹೇಳಿಕೆಗೆ ಅವನಿಂದ ರುಜು ಹಾಕಿಸಬಾರದು ಎಂಬ ಇಂದಿನ ನಿಯಮದ ಹಿಂದೆಯೂ ಇದೇ ಅನುಮಾನವಿದೆ. 1872ರಲ್ಲಿ ಭಾರತೀಯ ಸಾಕ್ಷ್ಯ ಕಾಯಿದೆ ಬಂತು. ಮೈಸೂರು ಮತ್ತೆ ಒಡೆಯರ ಕೈಗೆ ಬಂದ ಮೇಲೆ 1884ರಲ್ಲಿ ಇಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಯಿತು.

ಪ್ರಮಾಣದ ಬಗ್ಗೆಯೂ ಒಂದು ಮಾತು. ಸಿನಿಮಾಗಳಲ್ಲಿ ಸಾಕ್ಷಿ ಧರ್ಮಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದನ್ನು ನೋಡಿ, ಕೋರ್ಟಿನಲ್ಲೂ ಹಾಗೇ ಇದೆಯೆಂದು ಅನೇಕರು ತಿಳಿದಿದ್ದಾರೆ. ಗಂಗಾಜಲ ಮತ್ತು ಕುರ್‌ಆನ್ ಮುಟ್ಟಿಸಿ ಪ್ರಮಾಣ ಮಾಡಿಸುವ ಪದ್ಧತಿಯನ್ನು ಕಂಪನಿ ಸರ್ಕಾರ 1840ರಲ್ಲೇ ಕಾಯಿದೆಯ ಮೂಲಕ ಕೈಬಿಟ್ಟಿತು. ಈಗ ಜಾರಿಯಲ್ಲಿರುವ 1969ರ ಪ್ರಮಾಣ ಕಾಯಿದೆಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು.

ಅಭಿಯೋಜಕರ ಕೈಯಲ್ಲಿರುವ ಪಟ್ಟಿ

ನಮ್ಮ ದೇಶದಲ್ಲಿ ಸಮನ್ಸ್ ಹೊರಡಿಸುವುದು ನ್ಯಾಯಾಲಯ, ತಲುಪಿಸುವುದು ಸಾಮಾನ್ಯವಾಗಿ ಪೊಲೀಸರು. ಆದರೆ ಯಾರನ್ನು ಕರೆಯಬೇಕೆಂಬ ಪಟ್ಟಿ ಸಿದ್ಧವಾಗುವುದು ಪೊಲೀಸರ ದೋಷಾರೋಪ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ಯಾರನ್ನು ಕಟಕಟೆಗೆ ಹತ್ತಿಸಬೇಕು, ಯಾರನ್ನು ಕೈಬಿಡಬೇಕು ಎಂದು ಸಾಮಾನ್ಯವಾಗಿ ತೀರ್ಮಾನಿಸುವವರು ಸರ್ಕಾರಿ ಅಭಿಯೋಜಕರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್. ತಾನು ಕರೆಸಿದ ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ವಿರುದ್ಧವಾಗಿ ನುಡಿದರೆ ಅವನನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಪರಿಗಣಿಸಿ ಪಾಟೀಸವಾಲು ಮಾಡಲು ನ್ಯಾಯಾಲಯದ ಅನುಮತಿ ಕೇಳುವವರೂ ಅವರೇ. ಸಾಕ್ಷಿಯ ಮೇಲೆ ಅವರಿಗಿರುವ ಅಧಿಕಾರ ಸಣ್ಣದಲ್ಲ.

ಈ ಅಧಿಕಾರಕ್ಕೆ ಮಿತಿಯೇನು ಎಂಬ ಪ್ರಶ್ನೆ ಸ್ವತಂತ್ರ ಭಾರತದ ಆರಂಭದ ವರ್ಷಗಳಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆಗ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಸೇರಿದ್ದ ಹೈದರಾಬಾದ್ ರಾಜ್ಯದ ಮೊಕದ್ದಮೆ ಅದು. ವರಂಗಲ್‌ನಲ್ಲಿ ಸುಬೇದಾರರಾಗಿದ್ದ ಹಬೀಬ್ ಮುಹಮ್ಮದ್ ಎಂಬವರ ಮೇಲೆ 1947ರ ಘಟನೆಯೊಂದಕ್ಕೆ ಸಂಬಂಧಿಸಿದ ಕೊಲೆಯ ಆರೋಪವಿತ್ತು. ಘಟನಾ ಸ್ಥಳದಲ್ಲಿದ್ದರೆನ್ನಲಾದ ಹಿರಿಯ ಪೊಲೀಸ್ ಅಧಿಕಾರಿಯನ್ನೇ ಪ್ರಾಸಿಕ್ಯೂಷನ್ ಸಾಕ್ಷಿಯಾಗಿ ಹಾಜರುಪಡಿಸಲಿಲ್ಲ. 1953ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಘಟನೆಯ ನಿಜಸ್ಥಿತಿಯನ್ನು ತೆರೆದಿಡಬಲ್ಲ ಮುಖ್ಯ ಸಾಕ್ಷಿಗಳನ್ನು, ಅವರ ಮಾತು ತನಗೆ ಅನುಕೂಲವಾಗಲಿ ಆಗದಿರಲಿ, ಕರೆಸುವುದು ಪ್ರಾಸಿಕ್ಯೂಷನ್ನಿನ ಕರ್ತವ್ಯವೆಂದೂ, ಹಾಗೆ ಕರೆಸದಿದ್ದುದರಿಂದ ಆರೋಪಿಗೆ ಅನ್ಯಾಯವಾಗಿದೆಯೆಂದೂ ಹೇಳಿತು. ಅಭಿಯೋಜಕರು ಇರುವುದು ಶಿಕ್ಷೆ ಕೊಡಿಸಲಿಕ್ಕಲ್ಲ, ಸತ್ಯವನ್ನು ನ್ಯಾಯಾಲಯದ ಮುಂದಿಡಲಿಕ್ಕೆ ಎಂಬ ತತ್ತ್ವ ಆಗ ಗಟ್ಟಿಯಾಯಿತು.

ಹಾಗೆಂದು ಪಟ್ಟಿಯಲ್ಲಿದ್ದ ಎಲ್ಲರನ್ನೂ ಕರೆಯಬೇಕೆಂದೇನಲ್ಲ. ಒಂದೇ ಸಂಗತಿಗೆ ಹತ್ತು ಸಾಕ್ಷಿಗಳಿದ್ದರೆ ಕೆಲವರನ್ನು ಮಾತ್ರ ಆರಿಸಬಹುದು. ಸಾಕ್ಷ್ಯ ಕಾಯಿದೆಯ ಪ್ರಕಾರವೂ ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ. ಆದರೂ ಪಟ್ಟಿಗಳು ಉದ್ದವಾಗುತ್ತಲೇ ಹೋಗುತ್ತವೆ. ಅದರ ಭಾರ ಬೀಳುವುದು ಸಾಕ್ಷಿಗಳ ಮೇಲೆ ಮಾತ್ರವಲ್ಲ. ಕೇರಳದ ಕೆ.ಎ. ನಜೀಬ್ ಪ್ರಕರಣದಲ್ಲಿ ಆರೋಪಿ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರೂ ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ಬೇಗ ಮುಗಿಯುವ ಲಕ್ಷಣವಿಲ್ಲದಿರುವಾಗ ಯುಎಪಿಎಯಂತಹ ಕಠಿಣ ಕಾಯಿದೆಯ ಆರೋಪಿಗೂ ಜಾಮೀನು ಕೊಡಬಹುದೆಂದು ತೀರ್ಮಾನಿಸಿತು.

ಕಟಕಟೆಯ ಹೊರಗಿನ ಸಂಕಟ

2000ದ ಏಪ್ರಿಲ್‌ನಲ್ಲಿ ಪಂಜಾಬಿನ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಅವರು ಸಾಕ್ಷಿಗಳ ಪಾಡನ್ನು ಮರೆಮಾಚದೆ ಬರೆದರು. ದೂರದಿಂದ ಬಂದ ಸಾಕ್ಷಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ. ಮೊಕದ್ದಮೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಬೆದರಿಕೆಯೋ ಆಮಿಷವೋ ಅವನನ್ನು ಹಿಂಬಾಲಿಸುತ್ತದೆ. ಭತ್ಯೆಯೂ ಸಕಾಲಕ್ಕೆ ಸಿಗುವುದಿಲ್ಲ. ಇದು ಆ ತೀರ್ಪಿನ ಸಾರಾಂಶ. ಪಂಜಾಬಿನ ಬಗ್ಗೆ ಬರೆದದ್ದಾದರೂ ಓದಿದರೆ ನಮ್ಮ ತಾಲ್ಲೂಕಿನದೇ ಎನಿಸುತ್ತದೆ.

ಅದೇ ವರ್ಷದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವ ದಹನವಾದರು. ಇಡೀ ನಾಡು ತಲೆ ತಗ್ಗಿಸಿದ ಘಟನೆ ಅದು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರಂತೆ ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಏಳು ಜೀವಗಳು ಹೋದದ್ದು ನಿಜ, ಆದರೆ ಕೊಂದವರು ಯಾರೆಂದು ಹೇಳಲು ಕಟಕಟೆಯಲ್ಲಿ ಯಾರೂ ಉಳಿಯಲಿಲ್ಲ. ಆ ಸಾಕ್ಷಿಗಳನ್ನು ದೂರುವ ಮೊದಲು, ಆರು ವರ್ಷ ಅದೇ ಊರಿನಲ್ಲಿ, ಅದೇ ಜನರ ನಡುವೆ, ಅದೇ ಜಮೀನಿನ ಕೂಲಿಯನ್ನು ನಂಬಿ ಬದುಕಬೇಕಾದವರಿಗೆ ಸರ್ಕಾರ ಯಾವ ಆಸರೆ ಕೊಟ್ಟಿತ್ತು ಎಂದು ಕೇಳಬೇಕು.

ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣ ನಮ್ಮ ಓದುಗರಿಗೆ ತಿಳಿದದ್ದೇ. 2002ರ ಮಾರ್ಚ್ 1ರಂದು ವಡೋದರದಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಮುಖ್ಯ ಸಾಕ್ಷಿ ಜಾಹಿರಾ ಶೇಖ್ ಸೇರಿದಂತೆ ಹಲವರು ಹೇಳಿಕೆ ಬದಲಿಸಿದ್ದರಿಂದ 2003ರ ಜೂನ್‌ನಲ್ಲಿ 21 ಆರೋಪಿಗಳೂ ಬಿಡುಗಡೆಯಾದರು. ತನಗೆ ಬೆದರಿಕೆಯಿತ್ತೆಂದು ಆಕೆ ಬಳಿಕ ಹೇಳಿದರು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಮರುವಿಚಾರಣೆಯನ್ನು ಮುಂಬೈಗೆ ವರ್ಗಾಯಿಸಿತು. ಸರ್ಕಾರಿ ಅಭಿಯೋಜಕರು ನಡೆದುಕೊಂಡ ರೀತಿಯನ್ನೂ ಕಟುವಾಗಿ ಟೀಕಿಸಿತು. ಅಲ್ಲಿ ಆಕೆ ಮತ್ತೆ ಮಾತು ಬದಲಿಸಿದರು. 2006ರ ಮಾರ್ಚ್‌ನಲ್ಲಿ ನ್ಯಾಯಾಂಗ ನಿಂದನೆಗಾಗಿ ಆಕೆಗೆ ಒಂದು ವರ್ಷ ಸಜೆ ಮತ್ತು 50,000 ರೂಪಾಯಿ ದಂಡ ವಿಧಿಸಲಾಯಿತು. ಮಾತು ಬದಲಿಸಿದ್ದು ತಪ್ಪು, ಶಿಕ್ಷೆಯೂ ಕಾನೂನಿನಂತೆಯೇ ಆಯಿತು. ಆದರೆ ಸಾಕ್ಷಿಯನ್ನು ಶಿಕ್ಷಿಸುವ ಕೈ ನೀಳವಾಗಿದ್ದಷ್ಟು, ಮೊದಲನೆಯ ವಿಚಾರಣೆಯ ವೇಳೆ ಆ ಎಳೆಯ ಹುಡುಗಿಯನ್ನು ಕಾಯುವ ಕೈ ನೀಳವಾಗಿರಲಿಲ್ಲ ಎಂಬುದೂ ಸತ್ಯ.

ಸಾಕ್ಷಿಗಳು ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಗೋಪಾಲಪುರದಲ್ಲಿ 2010ರಲ್ಲಿ ನಡೆದ ದಲಿತ ಮಹಿಳೆಯೊಬ್ಬರ ಕೊಲೆ ಪ್ರಕರಣದಲ್ಲಿ ತುಮಕೂರಿನ ಸೆಷನ್ಸ್ ನ್ಯಾಯಾಲಯ 2024ರ ನವೆಂಬರ್‌ನಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನ್ಯಾಯ ಸಿಕ್ಕಿತೆಂಬ ಸಮಾಧಾನದ ಜೊತೆಗೇ 14 ವರ್ಷಗಳ ಲೆಕ್ಕವನ್ನೂ ನೆನಪಿಡಬೇಕು. ಕೊಲೆ ನಡೆದ ವರ್ಷ ಒಂದನೇ ತರಗತಿಗೆ ಸೇರಿದ ಮಗು ತೀರ್ಪು ಬರುವ ಹೊತ್ತಿಗೆ ಕಾಲೇಜು ಓದುತ್ತಿರುತ್ತದೆ. ಅಷ್ಟು ಕಾಲ ಒಂದು ನೆನಪನ್ನು ಮಾಸದಂತೆ, ಅಂಜದಂತೆ ಹೊತ್ತಿರುವುದು ಎಷ್ಟು ಮಂದಿಗೆ ಸಾಧ್ಯ?

ಸಾಕ್ಷಿಯನ್ನೇ ಸೆರೆಹಿಡಿದ ದೇಶ

ಅಧಿಕಾರ ಹದ್ದು ಮೀರಿದರೆ ಸಾಕ್ಷಿ ಎಂಬ ಹೆಸರೇ ಬಲೆಯಾಗಬಹುದು. ಅಮೆರಿಕದ ಕಾನೂನಿನಲ್ಲಿ ‘ಮುಖ್ಯ ಸಾಕ್ಷಿ’ ತಪ್ಪಿಸಿಕೊಳ್ಳಬಹುದೆಂದು ಕಂಡರೆ ಅವನನ್ನು ಬಂಧಿಸಲು ಅವಕಾಶವಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿನ ಸರ್ಕಾರ ಈ ಅವಕಾಶವನ್ನು ಹಲವು ಮುಸ್ಲಿಮರ ಮೇಲೆ ಬಳಸಿತು. ಅಬ್ದುಲ್ಲಾ ಅಲ್ ಕಿಡ್ ಎಂಬ ಅಮೆರಿಕದ ಪ್ರಜೆಯನ್ನು 2003ರ ಮಾರ್ಚ್‌ನಲ್ಲಿ, ವ್ಯಾಸಂಗಕ್ಕಾಗಿ ಸೌದಿ ಅರೇಬಿಯಾಕ್ಕೆ ಹೊರಟಿದ್ದಾಗ ವಿಮಾನ ನಿಲ್ದಾಣದಲ್ಲಿ ಹಿಡಿದು 16 ದಿನ ಬಂಧನದಲ್ಲಿಟ್ಟರು. ಬಿಟ್ಟ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಾಟಕ್ಕೆ ನಿರ್ಬಂಧವಿತ್ತು. ಕೊನೆಗೂ ಯಾವ ನ್ಯಾಯಾಲಯವೂ ಅವನನ್ನು ಸಾಕ್ಷಿಯಾಗಿ ಕರೆಯಲೇ ಇಲ್ಲ. ಅಟಾರ್ನಿ ಜನರಲ್ ಆಗಿದ್ದ ಜಾನ್ ಆಶ್‌ಕ್ರಾಫ್ಟ್ ವಿರುದ್ಧ ಅವನು ಹೂಡಿದ ದಾವೆಯನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. 2004ರಲ್ಲಿ ಆರೆಗಾನ್‌ನ ವಕೀಲ ಬ್ರಾಂಡನ್ ಮೇಫೀಲ್ಡ್ ಅವರನ್ನು ತಪ್ಪಾಗಿ ಹೋಲಿಸಿದ ಬೆರಳಚ್ಚಿನ ಆಧಾರದ ಮೇಲೆ ಹೀಗೆಯೇ ಬಂಧಿಸಲಾಯಿತು. ಅವರಿಗೆ ಸರ್ಕಾರ 2006ರಲ್ಲಿ ಕ್ಷಮೆ ಕೋರಿ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ರಕ್ಷಣೆಯತ್ತ ನಿಧಾನದ ಹೆಜ್ಜೆಗಳು

ನಮ್ಮಲ್ಲಿ ಪೊಲೀಸರು ಕರೆಸುವ ಅಧಿಕಾರಕ್ಕೆ ಬಲವಾದ ಕಡಿವಾಣ ಬಿದ್ದದ್ದು 1978ರಲ್ಲಿ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪಥಿಯವರನ್ನು ವಿಚಾರಣೆಗೆಂದು ಠಾಣೆಗೆ ಕರೆಸಿದ್ದು ಕಾನೂನಿಗೆ ವಿರುದ್ಧವೆಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಹೇಳಿತು. ಮಹಿಳೆಯನ್ನು ಅವಳ ಮನೆಯಲ್ಲೇ ವಿಚಾರಿಸಬೇಕೆಂಬುದು ಕಾನೂನಿನಲ್ಲಿ ಇತ್ತು. ಒಬ್ಬ ಮುಖ್ಯಮಂತ್ರಿಯಾಗಿದ್ದವರ ಪಾಡೇ ಹೀಗಾದರೆ ಸಾಮಾನ್ಯ ಹೆಣ್ಣುಮಗಳ ಗತಿಯೇನು ಎಂದು ಊಹಿಸಬಹುದು.

ಇನ್ನೊಂದು ತೀರ್ಪು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ. ಮಂಪರು ಪರೀಕ್ಷೆ ಮತ್ತು ಸುಳ್ಳು ಪತ್ತೆ ಪರೀಕ್ಷೆಗಳಿಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶದಲ್ಲೇ ಹೆಸರಾಗಿದ್ದ ಕಾಲವೊಂದಿತ್ತು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಪೀಠ, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಳಪಡಿಸಬಾರದೆಂದು ಸಾರಿತು. ಆರೋಪಿಗಷ್ಟೇ ಅಲ್ಲ, ಶಂಕಿತನಿಗೂ ಸಾಕ್ಷಿಗೂ ಈ ರಕ್ಷಣೆ ಉಂಟು.

ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ನೀಡಿದ ವರದಿಯಲ್ಲಿ ಸಾಕ್ಷಿಗಳ ಗೌರವ, ಸೌಲಭ್ಯ, ಭತ್ಯೆ, ರಕ್ಷಣೆಗಳ ಬಗ್ಗೆ ಶಿಫಾರಸುಗಳಿದ್ದವು. ಆರೋಪಿಯ ಹಕ್ಕುಗಳನ್ನು ಮೊಟಕುಗೊಳಿಸುವ ಸಲಹೆಗಳಿಗೆ ಆ ವರದಿ ಟೀಕೆಗೆ ಒಳಗಾದರೂ ಸಾಕ್ಷಿಗಳ ಕುರಿತ ಮಾತು ಮೌಲಿಕವಾದುದು. 2006ರಲ್ಲಿ ಕಾನೂನು ಆಯೋಗದ 198ನೆಯ ವರದಿಯೂ ಇದೇ ವಿಷಯವನ್ನು ಕೈಗೆತ್ತಿಕೊಂಡಿತು. ಕೊನೆಗೆ 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ನೀಡಿ, ಶಾಸನ ಬರುವವರೆಗೆ ಅದೇ ಕಾನೂನೆಂದು ಆದೇಶಿಸಿತು. ಆ ಯೋಜನೆಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಇರಬೇಕು. ಜಿಲ್ಲಾ ಪೊಲೀಸ್ ಮುಖ್ಯಸ್ಥರು ಸದಸ್ಯರು, ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ರಕ್ಷಣೆ ಕೋರುವ ಅರ್ಜಿ ಹೋಗಬೇಕಾದದ್ದೂ ಈ ಕಾರ್ಯದರ್ಶಿಯ ಮೂಲಕವೇ. ಅಂದರೆ ಸಾಕ್ಷಿಯನ್ನು ಕರೆಸುವ ಇಲಾಖೆಗೇ ಅವನ ರಕ್ಷಣೆಯ ಬಾಗಿಲನ್ನು ತೆರೆಯುವ ಹೊಣೆಯೂ ಬಿದ್ದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೆಯ ಕಲಮು ಪ್ರತಿ ರಾಜ್ಯ ಸರ್ಕಾರವೂ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ರೂಪಿಸಬೇಕೆಂದು ವಿಧಿಸಿದೆ.

ನಾವು ತಿಳಿದಿರಬೇಕಾದದ್ದು

ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದು ತಿಳಿದಿರಬೇಕು. ಹೊಸ ಸಂಹಿತೆಯ 179ನೆಯ ಕಲಮಿನಂತೆ ಪೊಲೀಸ್ ಅಧಿಕಾರಿ ಸಾಕ್ಷಿಯನ್ನು ಲಿಖಿತ ಆದೇಶದ ಮೂಲಕ ಕರೆಸಬೇಕು. ತನ್ನ ಠಾಣೆಯ ಅಥವಾ ಹೊಂದಿಕೊಂಡ ಠಾಣೆಯ ವ್ಯಾಪ್ತಿಯಲ್ಲಿರುವವರನ್ನು ಮಾತ್ರ ಹಾಗೆ ಕರೆಸಬಹುದು. 15 ವರ್ಷದೊಳಗಿನ ಮತ್ತು 60 ವರ್ಷ ಮೀರಿದ ಗಂಡಸರನ್ನು, ಮಹಿಳೆಯರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರು ವಾಸವಿರುವಲ್ಲೇ ವಿಚಾರಿಸಬೇಕು. ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವಂತಹ ಪ್ರಶ್ನೆಗೆ ಪೊಲೀಸರ ಮುಂದೆ ಉತ್ತರಿಸಬೇಕಾಗಿಲ್ಲ. ಹೇಳಿಕೆಗೆ ರುಜು ಹಾಕಬೇಕಾಗಿಲ್ಲ. ಕೋರ್ಟಿಗೆ ಹೋಗುವ ಸಾಕ್ಷಿಯನ್ನು ಪೊಲೀಸರು ತಮ್ಮ ಜೊತೆಯಲ್ಲೇ ಬರುವಂತೆ ಬಲವಂತ ಮಾಡುವಂತಿಲ್ಲ ಎಂದು 191ನೆಯ ಕಲಮು ಹೇಳುತ್ತದೆ. ಸಾಕ್ಷಿಗಳು ಹಾಜರಿರುವಾಗ ವಿಶೇಷ ಕಾರಣವಿಲ್ಲದೆ ವಿಚಾರಣೆಯನ್ನು ಮುಂದೂಡಬಾರದೆಂಬುದು 346ನೆಯ ಕಲಮು. ಸಾಕ್ಷಿಯ ನ್ಯಾಯವಾದ ವೆಚ್ಚವನ್ನು ಸರ್ಕಾರದಿಂದ ಕೊಡಿಸಲು 350ನೆಯ ಕಲಮಿನಲ್ಲಿ ಅವಕಾಶವಿದೆ. ಭತ್ಯೆಯನ್ನು ಕೇಳಿ ಪಡೆಯುವುದು ಸಂಕೋಚದ ವಿಷಯವಲ್ಲ.

ಹಾಗೆಯೇ, ನ್ಯಾಯಾಲಯದ ಸಮನ್ಸ್ ತಲುಪಿದ ಮೇಲೆ ಸುಮ್ಮನೆ ಕೂರುವುದು ಅಪಾಯ. ವಾರೆಂಟು ಬರಬಹುದು, ದಂಡ ಬೀಳಬಹುದು, ಜೈಲೂ ಆಗಬಹುದು. ಅಂದು ಹೋಗಲು ಸಾಧ್ಯವೇ ಇಲ್ಲದಿದ್ದರೆ ಕಾರಣವನ್ನು ಮೊದಲೇ ಲಿಖಿತವಾಗಿ ನ್ಯಾಯಾಲಯಕ್ಕೆ ತಿಳಿಸಬೇಕು. ಬೆದರಿಕೆ ಬಂದರೆ ಬಾಯಿಮಾತಿನಲ್ಲಿ ಬಿಡದೆ ದೂರು ಬರೆದುಕೊಡಬೇಕು. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು 2006ರಿಂದ ಪ್ರತ್ಯೇಕ ಅಪರಾಧವಾಗಿದೆ.

ಇಲ್ಲಿ ವಿದ್ಯಾಸಂಸ್ಥೆಗಳಿಗೂ ಒಂದು ಹೊಣೆಯಿದೆ. ನಮ್ಮ ಸಮುದಾಯದ ಯುವಕ ಯುವತಿಯರು ಕಾನೂನು ಓದಬೇಕು ಎಂಬ ಮಾತನ್ನು ವೇದಿಕೆಗಳಲ್ಲಿ ಕೇಳುತ್ತೇವೆ. ಹಾಗೆ ಓದಿದವರಲ್ಲಿ ಕೆಲವರಾದರೂ ವಕೀಲಿಕೆಯ ಜೊತೆಗೆ ಸರ್ಕಾರಿ ಅಭಿಯೋಜಕರ ಹುದ್ದೆಯತ್ತಲೂ ಗಮನ ಕೊಡಬೇಕು. ಸಾಕ್ಷಿಯ ಕಷ್ಟ ಬಲ್ಲ ಅಭಿಯೋಜಕರಿದ್ದರೆ ಪಟ್ಟಿಯಲ್ಲಿರುವ ಹೆಸರುಗಳು ಅವರಿಗೆ ಮನುಷ್ಯರಾಗಿ ಕಾಣುತ್ತವೆ. ಸಮನ್ಸ್ ಬಂದವರಿಗೆ ಅದನ್ನು ಓದಿ ಹೇಳುವುದು, ಮೊದಲ ಸಲ ಕೋರ್ಟಿಗೆ ಹೋಗುವವರ ಜೊತೆಗೆ ಹೋಗುವುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ದಾರಿ ತೋರಿಸುವುದು, ಇವು ಪದವಿ ಓದುವ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸಗಳು.

ಕರೆದಾಗ ಹೋಗಬೇಕೆಂಬ ಆಜ್ಞೆಯನ್ನು ಕಾನೂನು ನಮಗೆ ಚೆನ್ನಾಗಿ ಕಲಿಸಿದೆ. ಕರೆದವನಿಗೆ ಹಾನಿಯಾಗಬಾರದೆಂಬ ಆಜ್ಞೆಯನ್ನು ಈಗೀಗ ತಾನು ಕಲಿಯುತ್ತಿದೆ. 1400 ವರ್ಷಗಳ ಹಿಂದೆಯೇ ಎರಡನ್ನೂ ಒಂದೇ ಸೂಕ್ತದಲ್ಲಿ ಓದಿದ ನಾವು, ‘ನೋಡಿಲ್ಲ ಅಂತ ಹೇಳಿಬಿಡು’ ಎನ್ನುವ ಬದಲು ‘ನೋಡಿದ್ದನ್ನು ಹೇಳು, ನಾವು ನಿನ್ನ ಜೊತೆಗಿದ್ದೇವೆ’ ಎನ್ನುವಂತಾಗಲಿ. ಸತ್ಯಕ್ಕೆ ಸಾಕ್ಷಿ ನಿಲ್ಲುವ ಧೈರ್ಯವನ್ನೂ, ಹಾಗೆ ನಿಂತವರ ಬೆನ್ನಿಗೆ ನಿಲ್ಲುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.